ಆದರಾಂಜಲಿ ಸುಗುಣನ್

ನಮ್ಮ ಪಾಲಕ್ಕಡವಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಡಾಕ್ಟರು ಬರುತ್ತಿದ್ದರು, ಆಮೇಲೆ ಸುಗುಣೇಟ್ಟ. ಏಟ್ಟ ಎಂದರೆ ನಮ್ಮಲ್ಲಿ ಅಣ್ಣ. ಡಾಕ್ಟರ ಮಾತನ್ನು ಮನೆಯವರು ನಂಬುತ್ತಿದ್ದರು, ಸುಗುಣೇಟ್ಟನ ಮಾತನ್ನು ಊರು ನಂಬುತ್ತಿತ್ತು. ಆಟೋ ನನ್ನದು, ಅದರ ನೆತ್ತಿಯ ಮೇಲಿನ ಎರಡು ಸ್ಪೀಕರು ನನ್ನವು, ಗಂಟಲು ಮಾತ್ರ ಅವರದು. ಹಿಂದಿನ ಸೀಟಿನಲ್ಲಿ ಕೂತು, ಮುಂಡು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ "ವ್ಯಸನದಿಂದ ತಿಳಿಸುವುದೇನೆಂದರೆ" ಎಂದು ಅವರು ಶುರು ಮಾಡಿದರೆ ಮೀನು ಮಾರ್ಕೆಟ್ಟಿನಲ್ಲಿ ಕತ್ತಿಗಳು ನಿಲ್ಲುತ್ತಿದ್ದವು. ಬೀದಿಯಲ್ಲಿ ಜಗಳ ಆಡುತ್ತಿದ್ದವರು ಕೂಡ "ಸ್ವಲ್ಪ ತಡಿ, ಯಾರು ಅಂತ ಕೇಳೋಣ" ಎಂದು ಜಗಳವನ್ನು ಬದಿಗಿಟ್ಟು, ಹೆಸರು ಕೇಳಿದ ಮೇಲೆ ಮುಂದುವರಿಸುತ್ತಿದ್ದರು.

ಆ ಗಂಟಲು ತಯಾರಾದದ್ದು ಬೀಡಿ ಕಂಪನಿಯಲ್ಲಿ. ನಮ್ಮ ಕಡೆ ಬೀಡಿ ಕಟ್ಟುವವರು ಕೈಗೆ ಕೆಲಸ ಕೊಟ್ಟು ಕಿವಿಯನ್ನು ಖಾಲಿ ಬಿಡುತ್ತಿರಲಿಲ್ಲ. ಸಾಲಾಗಿ ಕೂತವರಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದಬೇಕು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಸುಗುಣೇಟ್ಟ ಮೀಸೆ ಚಿಗುರುವ ವಯಸ್ಸಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಅವರು ಕಟ್ಟಿದ ಬೀಡಿ ಸೇದುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತಂತೆ. ಮೇಸ್ತ್ರಿ ರೋಸಿಹೋಗಿ, "ಎಲೆ ಹಾಳು ಮಾಡ್ಬೇಡ ಮಾರಾಯ, ಪೇಪರ್ ಹಾಳು ಮಾಡು" ಎಂದು ಪತ್ರಿಕೆ ಕೈಗೆ ತುರುಕಿದ. ಅವತ್ತಿನಿಂದ ಸುಗುಣೇಟ್ಟ ತಲೆಬರಹದಿಂದ ನಿಧನ ವಾರ್ತೆಯವರೆಗೆ ಓದಿದರು. ನಿಧನ ವಾರ್ತೆ ಓದುವಾಗ ಯಾರೂ ಕೆಮ್ಮುತ್ತಿರಲಿಲ್ಲವಂತೆ. ಬೀಡಿ ಕಂಪನಿಯಲ್ಲಿ ಅದೇನು ಸಣ್ಣ ವಿಷಯವಲ್ಲ.

ಕಂಪನಿ ಮುಚ್ಚಿದ ಮೇಲೆ ಅವರು ನನ್ನ ಆಟೋ ಹತ್ತಿದರು. ಸರ್ಕಸ್ಸು, ಚುನಾವಣೆ, ಆಷಾಢದ ರಿಯಾಯಿತಿ ಬಟ್ಟೆ ಮಾರಾಟ, ಕಳೆದುಹೋದ ಹಸು, ಎಲ್ಲವನ್ನೂ ಕೂಗಿದರು. ಅದಕ್ಕೆಲ್ಲ ಒಂದು ಗಂಟಲು. ಸಾವಿಗೆ ಬೇರೆ ಗಂಟಲು. ಸಾವಿನ ದಿನ ಅವರು ಮೊದಲು ಆ ಮನೆಗೆ ಹೋಗಿ ಜಗಲಿಯಲ್ಲಿ ಕೂತು, ಸಕ್ಕರೆ ಹಾಕದ ಕಪ್ಪು ಚಹಾ ಕುಡಿದು, ಮನೆಯವರನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಇವರ ಬಗ್ಗೆ ಒಂದು ಮಾತು ಹೇಳಿ. ಒಳ್ಳೇದೇ ಆಗ್ಬೇಕಿಲ್ಲ, ನಿಜ ಆದ್ರೆ ಸಾಕು." ಆ ಮಾತನ್ನು ಹೆಸರಿನ ಹಿಂದೆ ಸೇರಿಸುತ್ತಿದ್ದರು. ದೋಣಿಯ ಕುಂಞಂಬು ಸತ್ತಾಗ "ಅರ್ಧ ಊರಿಗೆ ಈಜು ಕಲಿಸಿ, ಸ್ವತಃ ನೀರಿಗೆ ಹೆದರುತ್ತಿದ್ದವರು" ಎಂದರು. ಇನ್ನೊಬ್ಬರಿಗೆ "ಬಸ್ಸು ಬಂದರೂ ಮಾತು ಮುಗಿಸದೆ ಹತ್ತದವರು" ಎಂದರು. ಬೇರೆ ಊರಿನ ಮೈಕಿನವರು ಎಲ್ಲ ಹೆಣಕ್ಕೂ "ಸೌಮ್ಯ ಸ್ವಭಾವದವರು" ಎಂಬ ಒಂದೇ ಅಂಗಿ ತೊಡಿಸುತ್ತಾರೆ. ಸುಗುಣೇಟ್ಟ ಅಳತೆ ತೆಗೆದು ಹೊಲಿಯುತ್ತಿದ್ದರು. ನನಗೆ ಅವರ ಮೇಲೆ ಇದ್ದ ಗೌರವವೆಲ್ಲ ಆ ಒಂದು ವಾಕ್ಯಕ್ಕೇ.

ಹೀಗಿರುವಾಗ ಹೋದ ವರ್ಷ ಪೇಟೆಯಲ್ಲಿ ತೂವಲ್ ಸಿಲ್ಕ್ಸ್ ಎಂಬ ಮೂರಂತಸ್ತಿನ ಜವಳಿ ಅಂಗಡಿ ಎದ್ದಿತು. ಉದ್ಘಾಟನೆಗೆ ಸಿನಿಮಾ ನಟ ರೋಹನ್ ದಾಸ್ ಬರುತ್ತಾನೆಂದು ಗೊತ್ತಾದದ್ದೇ ಊರಿಗೆ ಊರೇ ಹುಚ್ಚೆದ್ದಿತು. ನಮ್ಮ ನಟರು ಈಗೀಗ ಸಿನಿಮಾಗಳಿಗಿಂತ ಅಂಗಡಿ ಬಾಗಿಲುಗಳಲ್ಲೇ ಹೆಚ್ಚು ನಟಿಸುವುದು. ಕತ್ತರಿ ಹಿಡಿದು ನಗುವುದರಲ್ಲಿ ರೋಹನ್ ದಾಸನನ್ನು ಮೀರಿಸಿದವರಿಲ್ಲ. ಅವನ ಅಭಿಮಾನಿ ಸಂಘದವರು ಫ್ಲೆಕ್ಸ್ ಕಟ್ಟಿ ಬಸ್ ನಿಲ್ದಾಣವನ್ನೇ ಮುಚ್ಚಿಬಿಟ್ಟರು. ಬಸ್ಸು ಬಂತೋ ಇಲ್ಲವೋ ಎಂದು ನೋಡಲು ನಾವು ರೋಹನ್ ದಾಸನ ಮೊಣಕಾಲುಗಳ ಸಂದಿಯಿಂದ ಇಣುಕಬೇಕಾಗಿ ಬಂತು.

ಮೈಕಿನಲ್ಲಿ ಸ್ವಾಗತಿಸುವ ಕೆಲಸ ಸುಗುಣೇಟ್ಟನದು. ಅಂಗಡಿಯ ಮಾಲೀಕ ಒಂದು ಚೀಟಿ ಕೊಟ್ಟಿದ್ದ: 'ನಮ್ಮೆಲ್ಲರ ಪ್ರೀತಿಯ ರೋಹನ್ ದಾಸ್ ಅವರಿಗೆ ಆದರಪೂರ್ವಕ ಸ್ವಾಗತ.' ಮಕ್ಕಳೂ ಓದುವ ಸಾಲು. ಆದರೆ ಆ ಬೆಳಿಗ್ಗೆಯಷ್ಟೇ ನಾವು ತೆಂಗಿನಕಾಯಿ ವ್ಯಾಪಾರಿಯೊಬ್ಬರ ಸಾವನ್ನು ಇಡೀ ಊರಿಗೆ ಹೇಳಿ ಬಂದಿದ್ದೆವು, ಸುಗುಣೇಟ್ಟನ ಬಾಯಲ್ಲಿ ಆ ಗಂಟಲು ಇನ್ನೂ ಆರಿರಲಿಲ್ಲ. ನಟ ಬರುವುದು ತಡವಾಯಿತು. ಬಿಸಿಲು ನೆತ್ತಿ ಸುಟ್ಟಿತು. ಕಾರಿನ ಬಾಗಿಲು ತೆರೆದು ಒಂದು ಹೊಳೆಯುವ ಬೂಟು ಹೊರಗೆ ಬಂದಾಗ ಸುಗುಣೇಟ್ಟ ಶುರು ಮಾಡಿದರು.

ಆದರ ಎಂಬ ಮೂರಕ್ಷರ ಬಂದರೆ ಅವರ ನಾಲಿಗೆಗೆ ಮುಂದೆ ಹೋಗಲು ಒಂದೇ ದಾರಿ. ಅದು ಆದರಾಂಜಲಿ. ಕೇಳಲು ಎಷ್ಟು ಚೆಂದದ ಮಾತು! ಆದರೆ ನಮ್ಮ ನಾಡಿನಲ್ಲಿ ಅದನ್ನು ಬದುಕಿದ್ದವರಿಗೆ ಯಾರೂ ಹೇಳುವುದಿಲ್ಲ. ಸತ್ತವರ ಫೋಟೊದ ಕೆಳಗೆ ಕಪ್ಪು ಪಟ್ಟಿಯ ಮೇಲೆ ಮಾತ್ರ ಬರೆಯುತ್ತೇವೆ.

"ನಮ್ಮೆಲ್ಲರ ಪ್ರೀತಿಯ ರೋಹನ್ ದಾಸ್ ಅವರಿಗೆ ಆದರ... ಆದರಾಂಜಲಿಗಳು" ಎಂದರು ಸುಗುಣೇಟ್ಟ, ಆ ಎರಡನೇ ಗಂಟಲಿನಲ್ಲಿ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ಸಂಸ್ಕಾರ ಮಧ್ಯಾಹ್ನ ಮೂರು ಗಂಟೆಗೆ, ಮನೆಯ ಹಿತ್ತಿಲಲ್ಲಿ."

ಮೈಕಿನ ಹತ್ತಿರ ನಿಂತಿದ್ದವರು ತಿರುಗಿ ನೋಡಿದರು. ಅಭಿಮಾನಿಗಳ ಕೂಗಾಟದಲ್ಲಿ ಏನೂ ಕೇಳಿಸಿಕೊಳ್ಳದ ರೋಹನ್ ದಾಸ್, ತನ್ನನ್ನು ಹೊಗಳಿದರೆಂದುಕೊಂಡು ಎರಡೂ ಕೈ ಮುಗಿದು, ತಲೆಬಾಗಿಸಿ, ಎದೆಯ ಮೇಲೆ ಕೈಯಿಟ್ಟು ತನ್ನ ಆದರಾಂಜಲಿಯನ್ನು ವಿನಯದಿಂದ ಸ್ವೀಕರಿಸಿದ. ಅನಾಹುತ ಆದದ್ದು ಅಲ್ಲೇ. ಸುತ್ತ ಎತ್ತಿ ಹಿಡಿದಿದ್ದ ಫೋನುಗಳಿಗೆ ಲೆಕ್ಕವಿರಲಿಲ್ಲ. ನಾವು ಸ್ಪೀಕರು ಬಿಚ್ಚಿ ಮನೆ ಸೇರುವಷ್ಟರಲ್ಲಿ ಸುಗುಣೇಟ್ಟನ ಹೆಂಡತಿ ಪ್ರೇಮಜೇಚ್ಚಿ ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದಳು.

"ಬಂದ್ರಾ? ದುಬೈನಿಂದ ನನ್ನ ತಮ್ಮ ಕಳಿಸಿದಾನೆ ನೋಡಿ. ಅವನಿಗೆ ಅಲ್ಲಿ ಒಬ್ಬ ಬಂಗಾಳಿ ಕಳಿಸಿದನಂತೆ. ನನ್ನ ಮದುವೇಲಿ ಇಷ್ಟು ಜನ ನನ್ನ ಗಂಡನ ಮುಖ ನೋಡಿರ್ಲಿಲ್ಲ."

ವೈರಲ್ ಎಂಬುದು ಕಾಯಿಲೆಯ ಹೆಸರೆಂದು ನಾನು ತಿಳಿದಿದ್ದೆ. ಈಗಲೂ ಹಾಗೇ ತಿಳಿದಿದ್ದೇನೆ.

ಅಷ್ಟರಲ್ಲಿ ಬಡಾಯಿ ಬ್ರದರ್ಸ್ ರಂಗಕ್ಕೆ ಇಳಿದರು. ಶಿಜಿಲ್, ಮುನೀರ್ ಎಂಬ ಇಬ್ಬರು ಹುಡುಗರು, ನಮ್ಮ ಊರಿನವರೇ. ವಾರವಿಡೀ ಫೋನಿನಲ್ಲಿ ಯಾರು ಜಾರಿಬಿದ್ದರು, ಯಾವ ನಟಿ ಯಾವ ಚಪ್ಪಲಿ ಹಾಕಿದಳು ಎಂದು ಆರಿಸಿಕೊಂಡು, ಅದನ್ನೇ ಹಿಂಜಿ ನಗಿಸುವುದು ಅವರ ಕಸುಬು. ವಾಚನಾಲಯದ ವಾರ್ಷಿಕೋತ್ಸವದಲ್ಲಿ ಅವರ ಕಾರ್ಯಕ್ರಮವಿತ್ತು. ಸುಗುಣೇಟ್ಟನನ್ನು ಕರೆದು ಮೊದಲನೆಯ ಸಾಲಿನಲ್ಲೇ ಕೂರಿಸಿದ್ದರು.

"ನಟಿ ವಿಮಾನ ನಿಲ್ದಾಣದಿಂದ ಹೊರಗೆ ಬಂದಳು ಅಂತ ಸುದ್ದಿ!" ಎಂದ ಮುನೀರ್. "ಅಲ್ಲಪ್ಪಾ, ಹೊರಗೆ ಬರದೆ ಅಲ್ಲೇ ಒಲೆ ಹೂಡ್ತಾರಾ?"

"ಮೊನ್ನೆ ಒಬ್ಬಳು ಹಲಸಿನ ಹಣ್ಣು ಬಿಡಿಸ್ತಾ ಅತ್ತಳು" ಎಂದ ಶಿಜಿಲ್. "ಮೂವತ್ತು ಲಕ್ಷ ಜನ ನೋಡಿದ್ರು. ನಮ್ಮಮ್ಮ ನಾನು ಹುಟ್ಟಿದಾಗಿನಿಂದ ಈರುಳ್ಳಿ ಹೆಚ್ಚಿ ಅಳ್ತಾ ಇದಾಳೆ. ನಾನೂ ನೋಡಿಲ್ಲ."

ಆಮೇಲೆ ರೋಹನ್ ದಾಸನ ಸರದಿ. ಮುನೀರ್ ಮೂಗು ಹಿಡಿದು ಸುಗುಣೇಟ್ಟನ ಗಂಟಲನ್ನೇ ತೆಗೆದ, ಶಿಜಿಲ್ ಬಿಳಿ ಬಟ್ಟೆ ಹೊದ್ದು ಹೆಣವಾಗಿ ಮಲಗಿದ. ಹೆಣದ ಮೇಲೆ ರಿಬ್ಬನ್ ಕಟ್ಟಿದರು. ಹೆಣ ಥಟ್ಟನೆ ಎದ್ದು ಕೂತು "ಕತ್ತರಿ ಎಲ್ಲಿ?" ಎಂದಿತು.

"ಅಣ್ಣ, ನೀವು ಸತ್ತಿದೀರಿ."

"ಅದು ಮೂರು ಗಂಟೆಗೆ ತಾನೆ? ಎರಡೂವರೆಗೆ ಒಂದು ಚಿನ್ನದಂಗಡಿ ಒಪ್ಕೊಂಡಿದೀನಿ."

"ಅಭಿಮಾನಿಗಳಿಗೆ ಏನು ಹೇಳ್ಲಿ?"

"ಅಣ್ಣ ಸಾಯಲಿಲ್ಲ, ಸಾವನ್ನ ಉದ್ಘಾಟಿಸಿದ್ರು ಅಂತ ಫ್ಲೆಕ್ಸ್ ಹಾಕ್ಸು!"

ಜನ ಕುರ್ಚಿಗಳಿಂದ ಉರುಳುವುದೊಂದು ಬಾಕಿ. ಸುಗುಣೇಟ್ಟನೂ ಹೊಟ್ಟೆ ಹಿಡಿದು ನಕ್ಕರು, ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ರೋಹನ್ ದಾಸನಂಥವನನ್ನು ಯಾರಾದರೂ ನೆಲಕ್ಕಿಳಿಸಿದರೆ ಯಾರಿಗೆ ಖುಷಿಯಾಗುವುದಿಲ್ಲ! ಆ ವೀಡಿಯೊ ಮೊದಲಿನದನ್ನೂ ಮೀರಿ ಓಡಿತು. ಅಭಿಮಾನಿ ಸಂಘದವರು ಸಿಟ್ಟಿನಿಂದ ಮೆರವಣಿಗೆ ಹೊರಟು, ದಾರಿಯಲ್ಲಿ ತಾವೇ ನಕ್ಕು ಚದುರಿದರು. ಊರಿನಲ್ಲಿ ಆದರಾಂಜಲಿ ಒಂದು ಫ್ಯಾಷನ್ನೇ ಆಯಿತು. ಪರೀಕ್ಷೆ ಪಾಸಾದ ಮಗುವಿಗೆ ಆದರಾಂಜಲಿ, ಹೊಸ ಬೈಕು ಕೊಂಡವನಿಗೆ ಆದರಾಂಜಲಿ, ಗಂಡು ಮಗು ಹೆತ್ತವಳಿಗೂ ಆದರಾಂಜಲಿ. ಸುಗುಣೇಟ್ಟನಿಗೆ ಹೆಸರೇ ಬದಲಾಗಿ ಆದರಾಂಜಲಿ ಸುಗುಣನ್ ಎಂದಾಯಿತು.

ಕುತ್ತಿಗೆಗೆ ಬಂದದ್ದು ನಿವೃತ್ತ ಅಧ್ಯಾಪಕ ಅನಂತನ್ ಮಾಷ್ ತೀರಿಕೊಂಡ ದಿನ. ನಾವು ಎಂದಿನಂತೆ ಕಪ್ಪು ಬಾವುಟ ಕಟ್ಟಿ ಹೊರಟೆವು. "ವ್ಯಸನದಿಂದ" ಎಂಬ ಮೊದಲ ಮಾತಿಗೇ ಬೇಕರಿಯವರು ಕಿಸಕ್ಕೆಂದರು. ಮಕ್ಕಳು ಗೇಟಿನ ಹೊರಗೆ ಓಡಿಬಂದರು. ಹೆಂಗಸರು ಫೋನು ಹಿಡಿದು "ಏಟ್ಟಾ, ಈಗ ಬರುತ್ತೆ ಅಲ್ವಾ? ಈಗ ಬರುತ್ತೆ!" ಎಂದು ಕಾದರು. ಆದರಾಂಜಲಿ ಎಂದದ್ದೇ ಇಡೀ ಬೀದಿ ಘೊಳ್ಳೆಂದಿತು. ಆ ನಗು ಮಾಷ್ ಮಲಗಿದ್ದ ಮನೆಯವರೆಗೂ ಕೇಳಿಸಿತು. ಮಾಷರ ಮಗಳು ಅಳುವುದನ್ನು ನಿಲ್ಲಿಸಿ ಗೇಟಿಗೆ ಬಂದು, ನಗುವವರು ಯಾರೆಂದು ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಇಳಿದು ಇಬ್ಬರ ಫೋನು ಕಿತ್ತುಕೊಂಡೆ, ಅದೂ ವೀಡಿಯೊ ಆಯಿತು.

ಅಲ್ಲಿಂದ ಸಾವಿನ ಮನೆಯವರು ನಮ್ಮನ್ನು ಕರೆಯುವುದನ್ನು ಬಿಟ್ಟರು. ಬೈಯಲಿಲ್ಲ, ಜಗಳ ಮಾಡಲಿಲ್ಲ. "ಬೇಜಾರು ಮಾಡ್ಕೋಬೇಡಿ ಸುಗುಣೇಟ್ಟಾ, ಈ ಸಲ ಕಣ್ಣೂರಿಂದ ರೆಕಾರ್ಡ್ ಮಾಡಿಸಿದೀವಿ" ಎನ್ನುತ್ತಿದ್ದರು. ಸುಗುಣೇಟ್ಟನಿಗೆ ಬೇರೆ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಹುಟ್ಟುಹಬ್ಬ, ಹೊಸ ಹೋಟೆಲು, ಎಲ್ಲರಿಗೂ ಆ ಒಂದು ಮಾತು ಬೇಕು. ಸುಗುಣೇಟ್ಟ ಒಂದನ್ನೂ ಒಪ್ಪಲಿಲ್ಲ. ಅಂಗಳದಲ್ಲಿ ಕೂತು ಹಳೆಯ ಪತ್ರಿಕೆಯ ನಿಧನ ವಾರ್ತೆಗಳನ್ನು ಬೆಕ್ಕಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ಉತ್ತಮಾ," ಎಂದರು ನನಗೆ ಒಂದು ದಿನ, "ಸತ್ತವರೊಬ್ಬರ ಹೆಸರನ್ನ ಜನ ನಗದ ಹಾಗೆ ಒಂದೇ ಒಂದು ಸಲ ಹೇಳ್ಬೇಕು ಕಣೋ. ಆಮೇಲೆ ಗಂಟಲು ಬಿದ್ದುಹೋದ್ರೂ ಚಿಂತೆ ಇಲ್ಲ."

"ಬೆಕ್ಕು ನಗಲ್ವಲ್ಲ" ಎಂದಳು ಒಳಗಿಂದ ಪ್ರೇಮಜೇಚ್ಚಿ.

ಹೀಗೆ ಒಂದು ಸಾವಿಗಾಗಿ ಹಸಿದು ಕೂತಿದ್ದಾಗ ನಾಲ್ಕು ಹುಡುಗರು ಮುಖ ಜೋಲು ಹಾಕಿಕೊಂಡು ಬಂದರು. ಒಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ. "ತೆಕ್ಕೇಕರೆಯ ಪ್ರಜೋಷ್ ಹೋಗ್ಬಿಟ್ಟ ಸುಗುಣೇಟ್ಟಾ. ಇದ್ದಕ್ಕಿದ್ದ ಹಾಗೆ" ಎಂದರು. ಸುಗುಣೇಟ್ಟನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಸಾವಿನ ಸುದ್ದಿಗೆ ಮನುಷ್ಯ ಸಂತೋಷಪಡುವುದೆಂದರೆ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದರು ನೋಡಿ! ಆ ಸಂಭ್ರಮದಲ್ಲಿ ಅವರು ಹುಟ್ಟಿದಾಗಿನಿಂದ ತಪ್ಪದ ಕ್ರಮ ತಪ್ಪಿದರು. ಆ ಮನೆಗೆ ಹೋಗಿ ಜಗಲಿಯಲ್ಲಿ ಕೂರಲಿಲ್ಲ. ಹುಡುಗರನ್ನೇ ಕೇಳಿದರು: "ಒಂದು ನಿಜವಾದ ಮಾತು ಹೇಳಿ."

"ಯಾರಿಗೂ ಹೇಳದೆ ದೊಡ್ಡ ಗುಂಡಿಗೆ ಬಿದ್ದವನು" ಎಂದ ಒಬ್ಬ.

ನಾವು ತೆಕ್ಕೇಕರೆ ರಸ್ತೆಯಲ್ಲಿ ಅದನ್ನೇ ಕೂಗಿಕೊಂಡು ಹೋದೆವು. ಪ್ರಜೋಷನಿಗೆ ಅವತ್ತು ಮದುವೆ. ನಮ್ಮ ಕಡೆ ಮದುಮಗನನ್ನು ಅವನ ಗೆಳೆಯರು ಮದುವೆಯ ದಿನ ಗೋಳು ಹೊಯ್ದುಕೊಳ್ಳದೆ ಬಿಡುವುದಿಲ್ಲ, ಕತ್ತೆಯ ಮೇಲೆ ಕೂರಿಸಿದವರಿದ್ದಾರೆ, ಹಾಸಿಗೆಯನ್ನು ಮರಕ್ಕೆ ಕಟ್ಟಿದವರಿದ್ದಾರೆ. ಈ ಸಲದವರಿಗೆ ನಮ್ಮ ಮೈಕು ಸಿಕ್ಕಿತು. ಹೆಣ್ಣಿನ ಕಡೆಯ ಬಸ್ಸು ತಿರುವಿನಲ್ಲಿ ನಮಗೆದುರಾಗಿ ಬಂತು. ಮದುಮಗನ ಹೆಸರು, ಮನೆತನದ ಹೆಸರು, ಆದರಾಂಜಲಿ, ಎಲ್ಲವನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡು ಬಸ್ಸಿನೊಳಗೆ ರೋದನ ಎದ್ದಿತು. ಡ್ರೈವರ್ ಪಾಪ, ಬಸ್ಸನ್ನು ಅಲ್ಲೇ ತಿರುಗಿಸಿದ. ಬಿರಿಯಾನಿಯ ಚಮಚ ಕೈಯಲ್ಲಿ ಹಿಡಿದೇ ಮದುಮಗ, ಕೊರಳಲ್ಲಿ ಹಾರ, "ನಾನು ಸತ್ತಿಲ್ಲಾ, ನಾನು ಸತ್ತಿಲ್ಲಾ" ಎಂದು ಬಸ್ಸಿನ ಹಿಂದೆ ಓಡಿದ. ಕಿಟಕಿಯಿಂದ ಅವನನ್ನು ಕಂಡ ಮದುಮಗಳ ಸೋದರತ್ತೆ ದೆವ್ವವೆಂದು ಕಿರುಚಿ ಮೂರ್ಛೆ ಹೋದಳು.

ಮದುವೆ ಹೇಗೋ ನಡೆಯಿತು. ಬೈಗುಳವೆಲ್ಲ ನಮಗೆ ಬಿತ್ತು. ಹುಡುಗರು ಬಿರಿಯಾನಿ ತಿಂದು ಹೋದರು.

ಮಾರನೆಯ ದಿನ ಸುಗುಣೇಟ್ಟ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಆ ಹುಡುಗರ ಹತ್ರ ಹೋಗೋಣ" ಎಂದರು. ಬಡಾಯಿ ಬ್ರದರ್ಸ್ ಇದ್ದದ್ದು ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ. ನಾವು ಹೋದಾಗ ಇಬ್ಬರೂ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಈ ವಾರ ಯಾರೂ ಜಾರಿಬೀಳಲೇ ಇಲ್ಲ ಏಟ್ಟಾ" ಎಂದ ಮುನೀರ್ ಸಂಕಟದಿಂದ. "ಒಬ್ಬ ನಟನಿಗಾದ್ರೂ ವಿಚ್ಛೇದನ ಆಗ್ಬಾರ್ದಾ?"

ಸುಗುಣೇಟ್ಟ ನಿಂತೇ ಹೇಳಿದರು. ಮಾಷರ ಮಗಳು ಗೇಟಿಗೆ ಬಂದದ್ದನ್ನು ಹೇಳಿದರು, ಬಸ್ಸು ತಿರುಗಿದ್ದನ್ನು ಹೇಳಿದರು. ಶಿಜಿಲನಿಗೆ ನಾಲಿಗೆ ಚೂಪು.

"ನಿಮ್ಮನ್ನ ನಾವು ಗೇಲಿ ಮಾಡಿಲ್ಲ ಸುಗುಣೇಟ್ಟಾ. ಗೇಲಿ ಮಾಡಿದ್ದು ರೋಹನ್ ದಾಸನ್ನ."

"ಗೇಲಿ ಯಾರದ್ದೇ ಆಗ್ಲಿ ಮಗಾ, ಗಂಟಲು ನನ್ನದಲ್ವಾ?"

ಶಿಜಿಲನ ಕೈ ತಾನಾಗಿ ಫೋನನ್ನು ಮೇಲೆತ್ತಿತು.

"ರೆಕಾರ್ಡ್ ಮಾಡ್ತೀಯೇನೋ ದರಿದ್ರದವನೇ!" ಎಂದು ನಾನು ಕೈ ಎತ್ತಿದೆ.

"ಅಯ್ಯೋ ಉತ್ತಮೇಟ್ಟಾ, ಚಹಾಕ್ಕೆ ಹೇಳೋಕೆ!"

"ಒಂದು ಕೆಲಸ ಮಾಡಿ" ಎಂದರು ಸುಗುಣೇಟ್ಟ. "ನೀವು ಹೇಳಿದ್ರೆ ಜನ ಕೇಳ್ತಾರೆ. ಇವರು ಸಾವು ಹೇಳುವಾಗ ನಗಬೇಡಿ ಅಂತ ಒಂದು ವೀಡಿಯೊ ಮಾಡಿ."

"ನಗಬೇಡಿ ಅಂದ್ರೆ ಇನ್ನೂ ನಗ್ತಾರೆ ಏಟ್ಟಾ" ಎಂದ ಮುನೀರ್ ಮೆಲ್ಲಗೆ. "ಅದನ್ನ ನಂಬ್ಕೊಂಡೇ ನಾವು ಅನ್ನ ತಿನ್ನೋದು."

ಆದರೂ ಮಾಡಿದರು. ಇಬ್ಬರೂ ತಲೆ ಬಾಚಿ, ಕೈಕಟ್ಟಿ ನಿಂತು, ಗಂಭೀರವಾಗಿ "ದಯವಿಟ್ಟು ನಗಬೇಡಿ" ಎಂದರು. ಅದು ಅವರ ಬಾಳಿನಲ್ಲೇ ಅತಿ ಹೆಚ್ಚು ಜನ ನಕ್ಕ ವೀಡಿಯೊ ಆಯಿತು. 'ಇವರ ಮುಖ ನೋಡಿ ಪ್ರಾಣ ಹೋಯ್ತು' ಎಂದು ಜನ ಕೆಳಗೆ ಬರೆದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬ 'ಆದರಾಂಜಲಿಗಳು' ಎಂದು ಬರೆದ. ನಾನು ಫೋನನ್ನು ಬಾವಿಗೆ ಎಸೆಯಬೇಕೆಂದಿದ್ದೆ, ಕಂತು ಬಾಕಿಯಿದ್ದುದರಿಂದ ಎಸೆಯಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಶಿಜಿಲ್ ಬರಿಗಾಲಿನಲ್ಲಿ ಸುಗುಣೇಟ್ಟನ ಅಂಗಳಕ್ಕೆ ಬಂದ. ನಾನು ಅಲ್ಲೇ ಆಟೋ ಒರೆಸುತ್ತಿದ್ದೆ. ಅವನ ಮುಖ ಊದಿತ್ತು.

"ಅಚ್ಚಮ್ಮ ಹೋದ್ರು" ಎಂದ.

ತಂದೆಯ ತಾಯಿ, ಪುದಿಯಪುರಯಿಲ್ ಚಿರುತೇಯಿಯಮ್ಮ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ನಾನು ಸುಮ್ಮನಿರಲಿಲ್ಲ. "ಇದು ನಿಜವಾದ ಸಾವೋ, ನಿಮ್ಮ ಕಾರ್ಯಕ್ರಮದ್ದೋ?" ಎಂದೆ. ಅವನು ಅಂಗಳದಲ್ಲೇ ಕುಕ್ಕರಿಸಿ ಅತ್ತ.

"ಚಿಕ್ಕಪ್ಪ ಕಣ್ಣೂರಿಂದ ರೆಕಾರ್ಡ್ ತರಿಸಿದಾರೆ ಸುಗುಣೇಟ್ಟಾ. ಅದರಲ್ಲಿ ಹುಡುಗಿ ಹೇಳೋದು ಕೇಳಿದ್ರೆ ಅಚ್ಚಮ್ಮ ಚಿನ್ನದಂಗಡೀಲಿ ರಿಯಾಯಿತಿ ಕೊಡ್ತಾ ಇರೋ ಹಾಗಿದೆ. ಅವರನ್ನ ಹಾಗೆ ಕಳಿಸ್ಬೇಡಿ. ನೀವೇ ಹೇಳ್ಬೇಕು."

"ಜನ ನಗ್ತಾರಲ್ಲೋ."

"ಯಾರೂ ನಗದ ಹಾಗೆ ನಾನು ನೋಡ್ಕೋತೀನಿ."

ಈ ಸಲ ಸುಗುಣೇಟ್ಟ ಕ್ರಮ ತಪ್ಪಲಿಲ್ಲ. ಜಗಲಿಯಲ್ಲಿ ಕೂತು, ಕಪ್ಪು ಚಹಾ ಕುಡಿದು, ಪ್ರಶ್ನೆ ಕೇಳಿದರು. ಶಿಜಿಲನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು.

"ಹೇಗೆ ಹೇಳೋದು ಏಟ್ಟಾ... ಅಮ್ಮ ಬಾವಿಕಟ್ಟೆ ಹತ್ರ ಕೂತು ನಿಮ್ಮ ಆ ವೀಡಿಯೊ ನೋಡ್ತಿದ್ರು. ರೋಹನ್ ದಾಸ್ ಕೈ ಮುಗಿದದ್ದು ನೋಡಿ ನಕ್ಕು ನಕ್ಕು ಹಲ್ಲಿನ ಸೆಟ್ಟು ಬಾವಿಗೆ ಬಿತ್ತು. ಬಾವಿ ಬತ್ತಿಸಿದ್ರೂ ಸಿಗ್ಲಿಲ್ಲ. ಹೊಸದು ಮಾಡಿಸ್ತೀವಿ ಅಂದ್ರೆ, ಬೇಡ, ಇನ್ನು ನನ್ನ ಪರವಾಗಿ ಬಾವೀನೇ ನಗ್ಲಿ ಅಂದ್ರು. ಕೊನೇವರೆಗೂ ಗಂಜಿ ಕುಡ್ಕೊಂಡೇ ಇದ್ರು."

"ಅದೆಲ್ಲ ಬೇಡ!" ಎಂದು ಚಿಕ್ಕಪ್ಪ ಮುಖ ಗಂಟಿಕ್ಕಿದ. "ಸಾವಿನ ಮನೇಲಿ ಹಲ್ಲು, ಬಾವಿ ಅಂತ. ಸೌಮ್ಯ ಸ್ವಭಾವದವರು ಅಂತ ಹೇಳಿ, ಸಾಕು."

ಸುಗುಣೇಟ್ಟ ಚಹಾದ ಲೋಟ ಬದಿಗಿಟ್ಟು ಎದ್ದರು.

ನಾನು ಆಟೋವನ್ನು ನಡಿಗೆಯ ವೇಗದಲ್ಲಿ ಬಿಟ್ಟೆ. ನಮ್ಮ ಮುಂದೆ ಶಿಜಿಲ್, ಮುನೀರ್ ಬೈಕಿನಲ್ಲಿ ಹೋಗುತ್ತಾ, ಮನೆ ಮನೆಗೆ ಇಳಿದು ನಗಬೇಡಿರೆಂದು ಕೈ ಮುಗಿಯುತ್ತಿದ್ದರು. ಮೊದಮೊದಲು ಜನ ಕ್ಯಾಮೆರಾ ಎಲ್ಲಿದೆ ಎಂದು ತೆಂಗಿನ ಮರದ ಮೇಲೆಲ್ಲ ಹುಡುಕಿದರು. "ಅಳೋದು ಚೆನ್ನಾಗಿ ಮಾಡ್ತಾನೆ ಹುಡುಗ!" ಎಂದು ಒಬ್ಬ ಮುದುಕ ಶಿಜಿಲನ ಬೆನ್ನು ತಟ್ಟಿದ. ಮುನೀರ್ ಇದು ನಿಜವಾದ ಸಾವೆಂದು ದೇವರ ಮೇಲೆ, ತಾಯಿಯ ಮೇಲೆ, ತಮ್ಮ ಚಾನೆಲ್ಲಿನ ಮೇಲೆ ಆಣೆ ಹಾಕಿದ. ಮೂರನೆಯ ಆಣೆಯನ್ನು ಜನ ನಂಬಿದರು. ಕಡವಿನ ಕವಲಿಗೆ ನಾವು ತಲುಪುವಾಗ ಎರಡೂ ಬದಿಯಲ್ಲಿ ಊರು ಬಾಯಿಗೆ ಬೀಗ ಹಾಕಿಕೊಂಡು ನಿಂತಿತ್ತು. ತುಟಿ ಕಚ್ಚಿಕೊಂಡವರು, ಮೂಗು ಹಿಡಿದವರು, ಗೋಡೆಗೆ ಮುಖ ಮಾಡಿದವರು.

ಸುಗುಣೇಟ್ಟ ಕೆಮ್ಮಿದರು. "ವ್ಯಸನದಿಂದ ತಿಳಿಸುವುದೇನೆಂದರೆ, ಪುದಿಯಪುರಯಿಲ್ ಚಿರುತೇಯಿಯಮ್ಮ ನಮ್ಮನ್ನಗಲಿದ್ದಾರೆ."

ಒಂದು ಉಸಿರೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವರು ಎರಡೂ ಬದಿಯ ಮುಖಗಳನ್ನು ನೋಡುತ್ತಿದ್ದರು. ಅಷ್ಟು ತಿಂಗಳಿಂದ ಅವರು ಬೇಡಿಕೊಂಡದ್ದು ಅವರಿಗೆ ಸಿಕ್ಕಿತ್ತು. ಆ ಮೌನವನ್ನು ಹಾಗೇ ಮನೆಗೆ ಒಯ್ಯಬಹುದಿತ್ತು.

"ಸೌಮ್ಯ..." ಎಂದರು. ನಿಲ್ಲಿಸಿದರು. ಮೈಕು ಆರಿಸಿದರು.

"ಉತ್ತಮಾ, ಅವರು ಸೌಮ್ಯ ಇದ್ರೇನೋ?"

"ಚಿರುತೇಯಿಯಮ್ಮನಾ? ಅವರ ಬಾಯಿಗೆ ಹೆದರಿ ಆ ಹಿತ್ತಿಲಿಗೆ ಕಾಗೆ ಇಳೀತಿರ್ಲಿಲ್ಲ."

"ನಾನು ಹಲ್ಲಿನ ವಿಷಯ ಹೇಳಿದ್ರೆ ಮತ್ತೆ ನಗ್ತಾರೆ. ಈ ಜನ್ಮದಲ್ಲಿ ಇನ್ನು ನಿಲ್ಸಲ್ಲ."

ನನಗೂ ಭಯವಾಗಿತ್ತು. ಅವರು ಮೈಕು ಹಾಕಿದರು.

"ಪುದಿಯಪುರಯಿಲ್ ಚಿರುತೇಯಿಯಮ್ಮ, ನನ್ನ ವೀಡಿಯೊ ನೋಡಿ ನಗುತ್ತಾ ಹಲ್ಲಿನ ಸೆಟ್ಟನ್ನು ಬಾವಿಗೆ ಬೀಳಿಸಿಕೊಂಡು, ಇನ್ನು ಬಾವಿಯೇ ನಗಲಿ ಎಂದು ಹೊಸದನ್ನು ಮಾಡಿಸಿಕೊಳ್ಳದವರು."

ಯಾರೂ ನಗಲಿಲ್ಲ! ಆಣೆಗೆ ಕಟ್ಟುಬಿದ್ದ ಜನ, ಮುಖ ಕೆಂಪಾಗಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಬಾಯಿ ಬಿಗಿಹಿಡಿದು ನಿಂತೇ ಇದ್ದರು. ಆ ಮೌನ ಸಹಿಸುವಂತಿರಲಿಲ್ಲ. ಸುಗುಣೇಟ್ಟನ ಮುಖ ಬಿಳಿಚಿಕೊಂಡಿತು.

"ಇವರಿಗೆ ಕೇಳಿಸಿಲ್ಲ" ಎಂದರು. "ಗಾಡಿ ಹಿಂದಕ್ಕೆ ತಗೋ."

ನಾನು ಹಿಂದಕ್ಕೆ ತೆಗೆದೆ. ಅವರು ಮತ್ತೆ ಹೇಳಿದರು, ಹಲ್ಲು, ಬಾವಿ, ಎಲ್ಲವನ್ನೂ, ಬಿಡಿಬಿಡಿಯಾಗಿ. ಈ ಸಲ ಬೈಕಿನ ಮೇಲಿದ್ದ ಶಿಜಿಲನಿಂದ ಒಂದು ಶಬ್ದ ಬಂತು. ಅಳುವೆಂದುಕೊಂಡೆ. ಅಲ್ಲ, ನಗು. ಅವನು ಮುನೀರನ ಹೆಗಲಿಗೆ ಹಣೆಯಿಟ್ಟು, ಭುಜ ಕುಣಿಸಿ, ಕಣ್ಣೀರು ಸುರಿಸುತ್ತಾ "ಅಚ್ಚಮ್ಮಾ, ಅಯ್ಯೋ ಅಚ್ಚಮ್ಮಾ" ಎಂದು ನಗುತ್ತಿದ್ದ. ಮೀನು ಮಾರುವ ಆಯಿಷುತಾತ್ತ ತಡೆಯಲಾರದೆ ಬುಟ್ಟಿ ಕೆಳಗಿಟ್ಟು ನಕ್ಕಳು. "ಆ ಮುದುಕಿ ಹಾಗೇನೇ, ಹಾಗೇನೇ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಕಟ್ಟೆಯೊಡೆದ ಹಾಗೆ ಇಡೀ ಕವಲು ನಕ್ಕಿತು. ಒಬ್ಬರ ಕೈಯಲ್ಲೂ ಫೋನು ಇರಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಚಿರುತೇಯಿಯಮ್ಮ ತಮ್ಮನ್ನು ಬೈದದ್ದನ್ನು ಹೇಳಿಕೊಳ್ಳುತ್ತಿದ್ದರು.

ಸುಗುಣೇಟ್ಟ ಅವಸರ ಮಾಡಲಿಲ್ಲ. ನಗು ಇಳಿದು, ಮೂಗು ಒರೆಸುವ ಸದ್ದೂ ನಿಂತ ಮೇಲೆ ಮೈಕನ್ನು ಬಾಯಿಯ ಹತ್ತಿರ ತಂದರು.

"ಆದರಾಂಜಲಿಗಳು" ಎಂದರು.

ಗಂಡಸರು ತಲೆಗೆ ಸುತ್ತಿದ್ದ ಬಟ್ಟೆ ತೆಗೆದರು. ಆಯಿಷುತಾತ್ತ ಎದ್ದು ನಿಂತಳು. ಆ ಮಾತಿಗೆ ಒಬ್ಬರೂ ನಗಲಿಲ್ಲ.

ನಾನು ಕನ್ನಡಿಯಲ್ಲಿ ಅವರನ್ನು ನೋಡುತ್ತಾ ಕೂತುಬಿಟ್ಟೆ. ಅವರು ನನ್ನ ಹೆಗಲಿಗೆ ತಟ್ಟಿದರು.

"ಗಾಡಿ ಬಿಡೋ ಉತ್ತಮಾ. ಆಸ್ಪತ್ರೆ ರಸ್ತೆಯವರ ಪಾಲಿಗೆ ಅವರಿನ್ನೂ ಸತ್ತಿಲ್ಲ."